ಕಕ್ಷೆಯ ಕಸ ತೆಗೆಯುವ ಯಾನ: ಬಲೆ ಬೀಸುವ ಮೊದಲು ಹಾಕಬೇಕಾದ ಲೆಕ್ಕಗಳು

ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ: ‘ಬಾಹ್ಯಾಕಾಶದ ಕಸ ಹಿಡಿಯುವ ಉಪಗ್ರಹವನ್ನು ಪ್ರಾಜೆಕ್ಟ್ ಆಗಿ ಆರಿಸಿಕೊಂಡಿದ್ದೇವೆ. ಬಲೆ ಒಳ್ಳೆಯದೋ, ರೋಬಾಟ್ ತೋಳು ಒಳ್ಳೆಯದೋ?’ ಈ ಬರಹದಲ್ಲಿ ಬಲೆಯ ಮಾತು ಬರುವುದು ಆರನೇ ಹಂತದಲ್ಲಿ. ಅಷ್ಟು ಹೊತ್ತಿಗೆ ನಿಮ್ಮ ಯಾನ ಗೆಲ್ಲುತ್ತದೆಯೋ ಸೋಲುತ್ತದೆಯೋ ಎಂಬುದು ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ. ತೋಳಿನ ಚಿತ್ರ ಬರೆಯುವುದು ಖುಷಿಯ ಕೆಲಸ, ಒಪ್ಪುತ್ತೇನೆ. ಆದರೆ ಎಲ್ಲಿಗೆ, ಯಾರ ಅನುಮತಿಯಿಂದ, ಎಷ್ಟು ಇಂಧನ ಹೊತ್ತು ಹೋಗುತ್ತೀರಿ ಎಂಬುದು ಗೊತ್ತಿಲ್ಲದೆ ಬರೆದ ತೋಳು ಗೋಡೆಗೆ ಅಂಟಿಸಲು ಮಾತ್ರ ಆದೀತು.

ಇಲ್ಲಿ ಹೇಳುವುದೆಲ್ಲ ಭೂಮಿಗೆ ಹತ್ತಿರದ ಕಕ್ಷೆಗೆ, ಅಂದರೆ 2,000 ಕಿ.ಮೀ. ಎತ್ತರದೊಳಗಿನ ಪ್ರದೇಶಕ್ಕೆ ಸಂಬಂಧಿಸಿದ್ದು. 36,000 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯ ಸಮಸ್ಯೆ ಬೇರೆ, ಪರಿಹಾರವೂ ಬೇರೆ.

ಕೈಯಲ್ಲಿ ಏನಿರಬೇಕು

ಮೊದಲ ವಾರಕ್ಕೆ ಕಾಗದ, ಕ್ಯಾಲ್ಕುಲೇಟರ್ ಸಾಕು. ಆಮೇಲೆ ಕಕ್ಷೆಯಲ್ಲಿರುವ ವಸ್ತುಗಳ ಪಟ್ಟಿ ಬೇಕು: ಸ್ಪೇಸ್-ಟ್ರ್ಯಾಕ್ ಮತ್ತು ಸೆಲೆಸ್‌ಟ್ರ್ಯಾಕ್ ತಾಣಗಳಲ್ಲಿ ಅದು ಉಚಿತವಾಗಿ ಸಿಗುತ್ತದೆ. ಅಲ್ಲಿ ಪ್ರತಿ ವಸ್ತುವಿನ ಕಕ್ಷೆಯನ್ನು ಟಿಎಲ್‌ಇ ಎಂಬ ಎರಡು ಸಾಲಿನ ಅಂಕಿಗಳಲ್ಲಿ ಕೊಟ್ಟಿರುತ್ತಾರೆ. ವಸ್ತುವಿನ ಜಾತಕ ಎಂದುಕೊಳ್ಳಿ. ಕಕ್ಷೆಯ ಚಲನೆಯನ್ನು ಲೆಕ್ಕಹಾಕಲು ನಾಸಾದ ಜಿಮ್ಯಾಟ್ ತಂತ್ರಾಂಶವೂ ಉಚಿತ. ವಾತಾವರಣಕ್ಕೆ ಮರಳಿದಾಗ ಏನು ಉರಿಯುತ್ತದೆ, ಏನು ಉಳಿಯುತ್ತದೆ ಎಂದು ಅಂದಾಜಿಸಲು ನಾಸಾದ ಡಿಎಎಸ್ ಅಥವಾ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಸಾದ ಡ್ರಾಮಾ ಇದೆ.

ಹಂತ 1: ಗುರಿಯನ್ನು ಆರಿಸಿ

ಒಂದು ಸೆಂಟಿಮೀಟರಿಗಿಂತ ದೊಡ್ಡದಾದ ಚೂರುಗಳು ಹತ್ತು ಲಕ್ಷಕ್ಕೂ ಹೆಚ್ಚಿವೆ ಎಂಬುದು ಇಸಾದ ಅಂದಾಜು. ಅವನ್ನು ಒಂದೊಂದಾಗಿ ಹೆಕ್ಕಲು ಹೊರಟವರು ರಾಗಿ ಚೆಲ್ಲಿದ ಅಂಗಳದಲ್ಲಿ ಕಾಳು ಎಣಿಸಿದಂತೆ. ನೀವು ಹೋಗಬೇಕಾದದ್ದು ಚೂರುಗಳ ತಾಯಿಯ ಬಳಿಗೆ: ಸತ್ತ ದೊಡ್ಡ ಉಪಗ್ರಹ, ಕೆಲಸ ಮುಗಿಸಿ ಅಲ್ಲೇ ಉಳಿದ ರಾಕೆಟ್ ಹಂತ. ಅದಾಗಲೇ ಸತ್ತುಹೋಗಿದ್ದ ರಷ್ಯಾದ ಉಪಗ್ರಹ ಕಾಸ್ಮೋಸ್ 2251, ಕೆಲಸ ಮಾಡುತ್ತಿದ್ದ ಅಮೆರಿಕದ ಸಂಪರ್ಕ ಉಪಗ್ರಹ ಇರಿಡಿಯಂ 33ಕ್ಕೆ 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ ಸುಮಾರು 790 ಕಿ.ಮೀ. ಎತ್ತರದಲ್ಲಿ ಡಿಕ್ಕಿ ಹೊಡೆಯಿತು. ಎರಡೇ ವಸ್ತುಗಳಿಂದ, ರಾಡಾರಿಗೆ ಕಾಣುವಷ್ಟು ದೊಡ್ಡ ತುಂಡುಗಳೇ ಎರಡು ಸಾವಿರದಷ್ಟು ಹುಟ್ಟಿದವು.

ಗುರಿಗೆ ಅಂಕ ಕೊಡುವಾಗ ಮೂರು ಸಂಖ್ಯೆಗಳನ್ನು ಗುಣಿಸಿ: ತೂಕ, ಡಿಕ್ಕಿಯ ಸಂಭವ, ತಾನಾಗಿ ಬೀಳುವ ಮೊದಲು ಅದು ಮೇಲಿರುವ ವರ್ಷಗಳು. ಹೀಗೆ ಲೆಕ್ಕಹಾಕಿದ ಬಹುತೇಕ ಎಲ್ಲರ ಪಟ್ಟಿಯ ತುದಿಯಲ್ಲೂ ಸೋವಿಯತ್ ಮತ್ತು ರಷ್ಯಾ ಕಾಲದ ಜೆನಿತ್ ರಾಕೆಟ್ಟಿನ ಎರಡನೇ ಹಂತಗಳೇ ಇರುತ್ತವೆ. ಒಂದೊಂದೂ ಸುಮಾರು 9 ಟನ್, 11 ಮೀಟರ್ ಉದ್ದ. ಹದಿನೆಂಟರಷ್ಟು ಹಂತಗಳು 840 ಕಿ.ಮೀ. ಆಸುಪಾಸಿನಲ್ಲಿ, ಸಮಭಾಜಕಕ್ಕೆ 71 ಡಿಗ್ರಿ ಓರೆಯಾದ ಕಕ್ಷೆಗಳಲ್ಲಿ ಒಂದರ ದಾರಿಗೆ ಇನ್ನೊಂದು ಅಡ್ಡಬರುತ್ತ ಸುತ್ತುತ್ತಿವೆ.

ಎಚ್ಚರಿಕೆ: 450 ಕಿ.ಮೀ. ಎತ್ತರದ ವಸ್ತುವನ್ನು ‘ಹತ್ತಿರವಿದೆ, ಸುಲಭ’ ಎಂದು ಆರಿಸಬೇಡಿ. ಅಲ್ಲಿ ತೆಳುವಾಗಿಯಾದರೂ ಗಾಳಿಯಿದೆ, ಕೆಲವೇ ವರ್ಷಗಳಲ್ಲಿ ಅದನ್ನು ತಾನೇ ಕೆಳಗಿಳಿಸುತ್ತದೆ. 800 ಕಿ.ಮೀ. ದಾಟಿದರೆ ಲೆಕ್ಕ ಶತಮಾನಗಳದ್ದು. ಹೆಸರಿಗೆ ಮರುಳಾಗುವುದು ಇನ್ನೊಂದು ತಪ್ಪು. 2012ರಲ್ಲಿ ಮೂಕವಾದ, ಇಸಾದ 8 ಟನ್ನಿನ ಭೂವೀಕ್ಷಣಾ ಉಪಗ್ರಹ ಎನ್ವಿಸ್ಯಾಟ್ ಈ ಕ್ಷೇತ್ರದ ಎಲ್ಲರಿಗೂ ಗೊತ್ತು. ಅದನ್ನು ಇಳಿಸುವ ಇ-ಡಿಯಾರ್ಬಿಟ್ ಯೋಜನೆಯನ್ನು ಇಸಾ ವರ್ಷಗಟ್ಟಲೆ ಅಧ್ಯಯನ ಮಾಡಿ ಕೊನೆಗೆ ಕೈಬಿಟ್ಟಿತು. ಮೊದಲ ಯಾನಕ್ಕೆ ಅದು ಆರಿಸಿಕೊಂಡದ್ದು ವೆಸ್ಪಾ ಎಂಬ 112 ಕಿಲೋದ ರಾಕೆಟ್ ಭಾಗ, ಒಪ್ಪಂದದ ಮೊತ್ತ 8.6 ಕೋಟಿ ಯೂರೋ.

ಆ ವೆಸ್ಪಾದ ಕಥೆಯಲ್ಲೇ ನಿಮಗೊಂದು ಪಾಠವಿದೆ. ಅದನ್ನು ಇಳಿಸಬೇಕಿದ್ದ ಕ್ಲಿಯರ್‌ಸ್ಪೇಸ್-1 ಯಾನ ಇನ್ನೂ ನೆಲದ ಮೇಲೆ ಸಿದ್ಧವಾಗುತ್ತಿದ್ದಾಗಲೇ, 2023ರ ಆಗಸ್ಟಿನಲ್ಲಿ, ವೆಸ್ಪಾದ ಸುತ್ತ ಹೊಸ ಚೂರುಗಳು ಕಾಣಿಸಿಕೊಂಡವು. ತೆಗೆಯಬೇಕಿದ್ದ ಕಸಕ್ಕೇ ಬೇರಾವುದೋ ಕಸ ಬಡಿದಿರಬೇಕು. 2024ರಲ್ಲಿ ಗುರಿ ಬದಲಾಗಿ, ಇಸಾದ 94 ಕಿಲೋದ ಪ್ರೋಬಾ-1 ಉಪಗ್ರಹವಾಯಿತು. ಅದನ್ನು 2001ರ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಹೊತ್ತೊಯ್ದದ್ದು ನಮ್ಮ ಪಿಎಸ್‌ಎಲ್‌ವಿ-ಸಿ3. ಎರಡು ತಿಂಗಳಲ್ಲಿ ಅದೇ ರಾಕೆಟ್ಟಿನ ನಾಲ್ಕನೇ ಹಂತ ಕಕ್ಷೆಯಲ್ಲಿ ಒಡೆದು ಮುನ್ನೂರಕ್ಕೂ ಹೆಚ್ಚು ಚೂರುಗಳಾಯಿತು ಎಂಬುದನ್ನೂ ಮರೆಯಬಾರದು. ನಿಮ್ಮ ಯೋಜನೆಯಲ್ಲಿ ಬದಲಿ ಗುರಿಯೊಂದು ಮೊದಲ ದಿನದಿಂದಲೇ ಇರಲಿ.

ಹಂತ 2: ಮಾಲೀಕರನ್ನು ಕೇಳಿ

ಬೀದಿಯಲ್ಲಿ ಬಿದ್ದ ಕಸ ಯಾರದೂ ಆಗಿರಲಿಕ್ಕಿಲ್ಲ. ಕಕ್ಷೆಯಲ್ಲಿ ಬಿದ್ದದ್ದಕ್ಕೆ ಯಾವಾಗಲೂ ಯಜಮಾನರಿದ್ದಾರೆ. 1967ರ ಬಾಹ್ಯಾಕಾಶ ಒಪ್ಪಂದದ 8ನೇ ವಿಧಿಯ ಪ್ರಕಾರ, ವಸ್ತುವನ್ನು ನೋಂದಾಯಿಸಿದ ದೇಶದ ಅಧಿಕಾರ ಅದು ಸತ್ತ ಮೇಲೂ ಮುಂದುವರಿಯುತ್ತದೆ. ಮುಳುಗಿದ ಹಡಗನ್ನು ಎತ್ತಿದವರಿಗೆ ಸಮುದ್ರದ ಕಾನೂನು ಕೊಡುವಂಥ ಹಕ್ಕು ಇಲ್ಲಿಲ್ಲ. ಆದ್ದರಿಂದಲೇ ಜಪಾನಿನ ಕಂಪನಿ ಜಪಾನಿನದೇ ರಾಕೆಟ್ ಹಂತದ ಬಳಿಗೆ ಹೋಯಿತು, ಯುರೋಪ್ ಯುರೋಪಿನ ವಸ್ತುವನ್ನು ಆರಿಸಿತು. ಒಂಬತ್ತು ಟನ್ನಿನ ಜೆನಿತ್‌ಗಳು ಎಷ್ಟೇ ಅಪಾಯಕಾರಿಯಾಗಿದ್ದರೂ ಮಾಸ್ಕೋ ಹೂಂ ಎನ್ನದೆ ಮುಟ್ಟುವಂತಿಲ್ಲ. ಪ್ರಾಜೆಕ್ಟ್ ಮಾಡುವವರಿಗೆ ನನ್ನ ಸಲಹೆ: ಪಟ್ಟಿಯಲ್ಲಿ ಹುಡುಕಿ, ಎತ್ತರದಲ್ಲಿ ಉಳಿದಿರುವ ಹಳೆಯ ಪಿಎಸ್‌ಎಲ್‌ವಿ ನಾಲ್ಕನೇ ಹಂತವೊಂದನ್ನು ಆರಿಸಿಕೊಳ್ಳಿ. ತೂಕ ಒಂದು ಟನ್ನಿನ ಆಸುಪಾಸು, ಮಾಲೀಕರು ಮನೆಯವರೇ.

ನಷ್ಟದ ಹೊಣೆಯನ್ನೂ ಬರೆದಿಡಿ. 1972ರ ಹೊಣೆಗಾರಿಕೆ ಒಪ್ಪಂದದಂತೆ, ಬಿದ್ದ ವಸ್ತುವಿನಿಂದ ನೆಲದ ಮೇಲಾದ ಹಾನಿಗೆ ಉಡಾಯಿಸಿದ ದೇಶವೇ ಪರಿಹಾರ ಕೊಡಬೇಕು. 1978ರಲ್ಲಿ ಅಣು ರಿಯಾಕ್ಟರ್ ಹೊತ್ತ ಕಾಸ್ಮೋಸ್ 954 ಕೆನಡಾದ ಮೇಲೆ ಬಿದ್ದಾಗ ಸೋವಿಯತ್ ಒಕ್ಕೂಟ 30 ಲಕ್ಷ ಕೆನಡಾ ಡಾಲರ್ ಕೊಡಲು ಒಪ್ಪಿತು. ಭಾರತದಲ್ಲಿ ಖಾಸಗಿಯಾಗಿ ಇಂಥ ಯಾನ ಮಾಡುವವರಿಗೆ ಅನುಮತಿ ಕೊಡುವುದು ಅಹಮದಾಬಾದಿನಲ್ಲಿರುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್. ಯೋಜನೆಯನ್ನು ಆದಷ್ಟು ಬಹಿರಂಗವಾಗಿ ನಡೆಸಿ. ಸತ್ತ ಉಪಗ್ರಹವನ್ನು ಹಿಡಿಯಬಲ್ಲ ಕೈ ಜೀವಂತ ಉಪಗ್ರಹವನ್ನೂ ಹಿಡಿಯಬಲ್ಲದು, ಆ ಅನುಮಾನ ಎಲ್ಲ ದೇಶಗಳಿಗೂ ಇದ್ದೇ ಇದೆ.

ಹಂತ 3: ಕೊನೆಯನ್ನು ಮೊದಲು ತೀರ್ಮಾನಿಸಿ

ಹಿಡಿದದ್ದನ್ನು ಎಲ್ಲಿ ಬೀಳಿಸುತ್ತೀರಿ? ಇದಕ್ಕೆ ಉತ್ತರ ಬರೆದ ಮೇಲೆಯೇ ಇಂಧನದ ಲೆಕ್ಕ. ಚಿಕ್ಕ ವಸ್ತುವಾದರೆ ಕಕ್ಷೆಯನ್ನು ಸಾಕಷ್ಟು ತಗ್ಗಿಸಿ ಗಾಳಿಗೆ ಒಪ್ಪಿಸಿಬಿಡಬಹುದು. ಎಲ್ಲಿ ಉರಿದರೂ ಹೆಚ್ಚು ಅಪಾಯವಿಲ್ಲ. ದೊಡ್ಡದರಲ್ಲಿ ಟೈಟಾನಿಯಂ ಟ್ಯಾಂಕು, ಎಂಜಿನ್ನಿನ ಉಕ್ಕಿನ ಭಾಗಗಳು ಉರಿಯದೆ ನೆಲ ಮುಟ್ಟುತ್ತವೆ. ನೆಲದ ಮೇಲೆ ಯಾರಿಗಾದರೂ ಪೆಟ್ಟಾಗುವ ಸಂಭವ ಹತ್ತು ಸಾವಿರದಲ್ಲಿ ಒಂದನ್ನು ಮೀರಬಾರದು ಎಂಬುದು ಹೆಚ್ಚಿನ ಸಂಸ್ಥೆಗಳು ಒಪ್ಪಿಕೊಂಡಿರುವ ಮಿತಿ. ಮೀರಿದರೆ ನಿಯಂತ್ರಿತ ಮರುಪ್ರವೇಶ ಬೇಕು, ಅಂದರೆ ಜನವಸತಿಯಿಲ್ಲದ ದಕ್ಷಿಣ ಪೆಸಿಫಿಕ್‌ನಂಥ ಕಡಲಿಗೆ ಗುರಿಯಿಟ್ಟು ಬೀಳಿಸಬೇಕು.

ಒಂದು ಲೆಕ್ಕ ಮಾಡಿ ನೋಡೋಣ. 800 ಕಿ.ಮೀ. ಎತ್ತರದ ವೃತ್ತಾಕಾರದ ಕಕ್ಷೆಯಲ್ಲಿ ವೇಗ ಸೆಕೆಂಡಿಗೆ 7,450 ಮೀಟರ್. ಪೆರಿಜಿಯನ್ನು, ಅಂದರೆ ಭೂಮಿಗೆ ಅತಿ ಹತ್ತಿರ ಬರುವ ಬಿಂದುವನ್ನು, 50 ಕಿ.ಮೀ.ಗೆ ಇಳಿಸಲು ಅದರಲ್ಲಿ ಸುಮಾರು 210 ಮೀಟರ್ ಕಡಿತಗೊಳಿಸಿದರೆ ಸಾಕು. ಈ ವೇಗ ಬದಲಾವಣೆಗೆ ಡೆಲ್ಟಾ-ವಿ ಎನ್ನುತ್ತಾರೆ. ಕಕ್ಷೆಯ ವ್ಯವಹಾರದಲ್ಲಿ ಚಲಾವಣೆಯಲ್ಲಿರುವ ನಾಣ್ಯ ಅದೇ. 210 ಎಂದರೆ ಇಷ್ಟೇನಾ ಎನಿಸುತ್ತದೆ. ಆದರೆ ಬ್ರೇಕ್ ಹಾಕಬೇಕಾದದ್ದು ನಿಮ್ಮ ಒಂದು ಟನ್ ನೌಕೆಗೆ ಮಾತ್ರವೇ? ಜೊತೆಗೆ 9 ಟನ್ನಿನ ಜೆನಿತ್ ಇದೆ. ಒಟ್ಟು ಹತ್ತು ಟನ್ ಎಂದು ಹಿಡಿದರೆ, ಸಾಮಾನ್ಯ ದ್ರವ ಇಂಧನದ ಎಂಜಿನ್‌ಗೆ 700 ಕಿಲೋದಷ್ಟು ಇಂಧನ ಈ ಕೊನೆಯ ನೂಕಿಗೇ ಬೇಕು. ಒಂದು ಟನ್ ನೌಕೆಯಲ್ಲಿ 700 ಕಿಲೋ ಇಂಧನವೇ ಆದರೆ ತೋಳು, ಕ್ಯಾಮೆರಾ, ಸೌರಫಲಕಗಳಿಗೆ ಏನು ಉಳಿಯಿತು? ನನಗೆ ಬಂದ ಪ್ರಾಜೆಕ್ಟ್ ವರದಿಗಳಲ್ಲಿ ಅರ್ಧಕ್ಕರ್ಧ ಮುಗ್ಗರಿಸುವುದು ಇಲ್ಲೇ: ಹೋಗುವ ಲೆಕ್ಕ ಒಂಟಿಯಾಗಿ ಹಾಕಿ, ಬರುವ ಲೆಕ್ಕವನ್ನೂ ಒಂಟಿಯಾಗಿಯೇ ಹಾಕಿರುತ್ತಾರೆ.

ವಿದ್ಯುತ್ ಥ್ರಸ್ಟರ್ ಬಳಸಿದರೆ ಇಂಧನ ಬಹಳ ಉಳಿಯುತ್ತದೆ ಎಂಬುದು ನಿಜ. ಆದರೆ ಅದರ ನೂಕು ಕಾಗದದ ಹಾಳೆಯೊಂದರ ಭಾರದ ಮಟ್ಟದ್ದು, ತಿಂಗಳುಗಟ್ಟಲೆ ನೂಕುತ್ತಲೇ ಇರಬೇಕು. ಕೆಳಗೆ ಬಂದ ಮೇಲೆ ಗಾಳಿಯ ಎಳೆತ ಅದನ್ನು ಮೀರಿಸುತ್ತದೆ, ಎಲ್ಲಿ ಬೀಳಬೇಕೆಂಬುದು ಆಗ ನಿಮ್ಮ ಕೈಯಲ್ಲಿರುವುದಿಲ್ಲ. ನಿಯಂತ್ರಿತವಾಗಿ ಬೀಳಿಸಬೇಕಿದ್ದರೆ ಕೊನೆಯ ನೂಕಿಗೆ ಬಲವಾದ ಎಂಜಿನ್ ಬೇಕೇ ಬೇಕು.

ಹಂತ 4: ಸಮತಲ ಹೊಂದಿಸಿ, ಕಾಯುವುದನ್ನು ಕಲಿಯಿರಿ

ಎತ್ತರ ಬದಲಿಸುವುದು ಅಗ್ಗ, ಕಕ್ಷೆಯ ಸಮತಲವನ್ನು, ಅಂದರೆ ಕಕ್ಷೆ ಹರಡಿಕೊಂಡಿರುವ ತಟ್ಟೆಯನ್ನು, ತಿರುಗಿಸುವುದು ವಿಪರೀತ ದುಬಾರಿ. ಒಂದು ಡಿಗ್ರಿ ತಿರುಗಿಸಲು ಸೆಕೆಂಡಿಗೆ 130 ಮೀಟರ್ ಡೆಲ್ಟಾ-ವಿ. ಹತ್ತು ಡಿಗ್ರಿಗೆ 1,300. ಒಂದೇ ಎತ್ತರ, ಒಂದೇ ಓರೆ ಇರುವ ಎರಡು ಜೆನಿತ್‌ಗಳು ನಕ್ಷೆಯಲ್ಲಿ ಅಕ್ಕಪಕ್ಕದ ಮನೆಯವರಂತೆ ಕಂಡರೂ, ಸಮತಲಗಳ ನಡುವೆ 30 ಡಿಗ್ರಿ ಅಂತರವಿದ್ದರೆ ಒಂದರಿಂದ ಇನ್ನೊಂದಕ್ಕೆ ನೇರವಾಗಿ ಹೋಗಲು ಸೆಕೆಂಡಿಗೆ ಮೂರೂವರೆ ಕಿಲೋಮೀಟರಿಗೂ ಹೆಚ್ಚು ಬೇಕು. ಯಾವ ನೌಕೆಯೂ ಅಷ್ಟನ್ನು ಹೊತ್ತು ತರಲಾರದು.

ಇದಕ್ಕೊಂದು ಉಪಾಯವಿದೆ, ಪಂಚಾಂಗ ನೋಡಿ ಬೆಳೆದವರಿಗೆ ಅದು ಬೇಗ ಅರ್ಥವಾಗುತ್ತದೆ. ರಾಹು ಮತ್ತು ಕೇತು ಚಂದ್ರನ ಕಕ್ಷೆಯ ಪಾತಬಿಂದುಗಳು, ಅಂದರೆ ಎರಡು ಸಮತಲಗಳು ಒಂದನ್ನೊಂದು ಕತ್ತರಿಸುವ ಜಾಗಗಳು. ಅವು ಹಿಮ್ಮುಖವಾಗಿ ಚಲಿಸುತ್ತ 18.6 ವರ್ಷಕ್ಕೊಂದು ಸುತ್ತು ಮುಗಿಸುತ್ತವೆ. ಕೃತಕ ಉಪಗ್ರಹಗಳಿಗೂ ಇಂಥ ರಾಹು–ಕೇತುಗಳಿವೆ. ಚಂದ್ರನ ವಿಷಯದಲ್ಲಿ ಎಳೆಯುವವನು ಸೂರ್ಯ. ಇಲ್ಲಿ ಎಳೆಯುವುದು ಸಮಭಾಜಕದ ಬಳಿ ಉಬ್ಬಿರುವ ಭೂಮಿಯ ಹೊಟ್ಟೆ. ಕಕ್ಷೆ ಕೆಳಗಿದ್ದಷ್ಟೂ ಈ ಜಾರುವಿಕೆ ಜೋರು. 71 ಡಿಗ್ರಿ ಓರೆಯಲ್ಲಿ, 840 ಕಿ.ಮೀ. ಎತ್ತರದ ಪಾತಬಿಂದು ದಿನಕ್ಕೆ ಸುಮಾರು 2.1 ಡಿಗ್ರಿ ಪಶ್ಚಿಮಕ್ಕೆ ಜಾರುತ್ತದೆ, 600 ಕಿ.ಮೀ. ಎತ್ತರದ್ದು ಸುಮಾರು 2.37 ಡಿಗ್ರಿ. ಅಂತರ ದಿನಕ್ಕೆ ಕಾಲು ಡಿಗ್ರಿಯ ಮೇಲೆ ಸ್ವಲ್ಪ. ಆದ್ದರಿಂದ 600ರಲ್ಲಿ ನಾಲ್ಕು ತಿಂಗಳು ಸುಮ್ಮನೆ ಸುತ್ತುತ್ತಿದ್ದರೆ 30 ಡಿಗ್ರಿ ಅಂತರ ತಾನಾಗಿ ಮುಚ್ಚಿಹೋಗುತ್ತದೆ. ಇಳಿದು ಮತ್ತೆ ಏರಲು ತಗಲುವ ಖರ್ಚು ಸೆಕೆಂಡಿಗೆ 250 ಮೀಟರ್. ಒಂದೇ ನೌಕೆ ಹಲವು ಗುರಿಗಳನ್ನು ಮುಟ್ಟುವ ಎಲ್ಲ ಯೋಜನೆಗಳೂ ಈ ಕಾಯುವಿಕೆಯ ಮೇಲೆ ನಿಂತಿವೆ. ಕಾಯುವ ತಿಂಗಳುಗಳಲ್ಲಿ ನೆಲದ ತಂಡದ ಸಂಬಳ, ನೌಕೆಯ ಆಯಸ್ಸು ಎರಡೂ ಖರ್ಚಾಗುತ್ತವೆ ಎಂಬುದನ್ನು ಬಜೆಟ್ಟಿನಲ್ಲಿ ತೋರಿಸಿ.

ಎಚ್ಚರಿಕೆ: ಇತರ ಉಪಗ್ರಹಗಳ ಜೊತೆ ಒಂದೇ ರಾಕೆಟ್ಟಿನಲ್ಲಿ ಹೋಗುವುದು ಅಗ್ಗ; ಆದರೆ ಅದು ಬಿಡುವ ಸಮತಲ ಅವರ ಅನುಕೂಲದ್ದು, ನಿಮ್ಮ ಗುರಿಯದ್ದಲ್ಲ. ಹಂತ 2ರಲ್ಲಿ ಹೇಳಿದ ಜಪಾನಿನ ಕಂಪನಿ ಅಸ್ಟ್ರೋಸ್ಕೇಲ್, ಆ ಹಳೆಯ ರಾಕೆಟ್ ಹಂತದ ಬಳಿಗೆ ಹೋದ ತನ್ನ ಆಡ್ರಾಸ್-ಜೆ ನೌಕೆಗಾಗಿ 2024ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನಿಂದ ಇಡೀ ಎಲೆಕ್ಟ್ರಾನ್ ರಾಕೆಟ್ಟನ್ನೇ ಗೊತ್ತುಮಾಡಿಕೊಂಡದ್ದು ಇದೇ ಕಾರಣಕ್ಕೆ.

ಹಂತ 5: ಹತ್ತಿರ ಹೋಗುವುದು

ರಸ್ತೆಯ ಬುದ್ಧಿಯನ್ನು ಇಲ್ಲಿ ಮರೆಯಿರಿ. ಮುಂದಿರುವ ವಸ್ತುವಿನ ಕಡೆಗೆ ಎಂಜಿನ್ ಉರಿಸಿದರೆ ನೀವು ಮೇಲೇರುತ್ತೀರಿ, ಮೇಲಿನ ಕಕ್ಷೆಯಲ್ಲಿ ಸುತ್ತು ನಿಧಾನ, ಹಾಗಾಗಿ ಇನ್ನಷ್ಟು ಹಿಂದೆ ಬೀಳುತ್ತೀರಿ. ಮುಂದಿರುವವನನ್ನು ಹಿಡಿಯಲು ಬ್ರೇಕ್ ಹಾಕಿ ಕೆಳಗಿಳಿಯಬೇಕು. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ-4 ನೌಕೆಯ ಕಮಾಂಡರ್ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಬಿಟ್ಟುಹೋದ ಹಂತದ ಹತ್ತಿರ ಹೋಗಲು ಅದರ ದಿಕ್ಕಿಗೇ ನೂಕಿ ನೋಡಿದರು. ಇಂಧನ ಖಾಲಿಯಾಗುತ್ತ ಬಂತು, ಅಂತರ ಬೆಳೆಯಿತು, ಪ್ರಯತ್ನ ಬಿಟ್ಟರು. ಗುರಿಗಿಂತ 10 ಕಿ.ಮೀ. ಕೆಳಗಿದ್ದರೆ ಪ್ರತಿ ಸುತ್ತಿಗೆ ಸುಮಾರು 94 ಕಿ.ಮೀ. ಮುನ್ನಡೆ ಸಿಗುತ್ತದೆ. ಈ ಒಂದು ಸಂಖ್ಯೆಯಿಂದ ನಿಮ್ಮ ಬೆನ್ನಟ್ಟುವಿಕೆಯ ವೇಳಾಪಟ್ಟಿ ತಯಾರಿಸಬಹುದು.

ಟಿಎಲ್‌ಇ ಜಾತಕವನ್ನು ಪೂರ್ತಿ ನಂಬಬೇಡಿ. ಅದರಲ್ಲಿ ಒಂದೆರಡು ಕಿಲೋಮೀಟರ್ ತಪ್ಪು ಸಹಜ, ಹಳೆಯದಾದಷ್ಟೂ ಹೆಚ್ಚು. ಅದು ನಿಮ್ಮನ್ನು ಊರಿಗೆ ತಲುಪಿಸುತ್ತದೆ, ಮನೆಗಲ್ಲ. ಅಲ್ಲಿಂದ ಮುಂದೆ ನೌಕೆಯದೇ ಕಣ್ಣು ಬೇಕು: ದೂರದಿಂದ ಸಾಮಾನ್ಯ ಕ್ಯಾಮೆರಾ, ನಡುವೆ ಉಷ್ಣ ಕಾಣುವ ಇನ್‌ಫ್ರಾರೆಡ್ ಕ್ಯಾಮೆರಾ, ಕೊನೆಯಲ್ಲಿ ಲೇಸರ್ ಬಿಟ್ಟು ದೂರ ಅಳೆಯುವ ಲೈಡಾರ್. ನೂರು ನಿಮಿಷದ ಪ್ರತಿ ಸುತ್ತಿನಲ್ಲೂ ಅರ್ಧ ಗಂಟೆಗೂ ಹೆಚ್ಚು ಕತ್ತಲಿರಬಹುದು. ಗುರಿಗೆ ಸುತ್ತಿದ ಹೊಳೆಯುವ ಹಾಳೆ ಬೆಳಕನ್ನು ಎತ್ತೆತ್ತಲೋ ಚೆಲ್ಲಿ ಕ್ಯಾಮೆರಾವನ್ನೂ ಲೈಡಾರನ್ನೂ ಗೊಂದಲಕ್ಕೆ ಕೆಡಹುತ್ತದೆ.

ನಿಮ್ಮ ಗುರಿ ‘ಅಸಹಕಾರಿ’ ಎಂಬುದು ನೆನಪಿರಲಿ. ಪಾರಿಭಾಷಿಕವಾಗಿ ಇದರ ಅರ್ಥ, ಅದು ತನ್ನ ಸ್ಥಾನವನ್ನು ತಿಳಿಸುವುದಿಲ್ಲ, ತಿರುಗುವುದನ್ನು ನಿಲ್ಲಿಸುವುದಿಲ್ಲ, ಅದರ ಮೇಲೆ ಗುರುತಿನ ದೀಪವೂ ಇಲ್ಲ. ಇಸ್ರೋದ ಸ್ಪೇಡೆಕ್ಸ್ ಯಾನದಲ್ಲಿ ಎರಡೂ ಉಪಗ್ರಹಗಳು ಒಂದಕ್ಕೊಂದು ಸಹಕರಿಸುವಂತೆ ಕಟ್ಟಿದವು. ಆದರೂ ಮೊದಲು ಗೊತ್ತುಮಾಡಿದ ದಿನಗಳನ್ನು ಮುಂದೂಡಿ, 3 ಮೀಟರ್‌ವರೆಗೆ ಹೋಗಿ ಹಿಂದೆ ಸರಿದು, ಕೊನೆಗೆ 2025ರ ಜನವರಿ 16ರಂದು ಬೆಂಗಳೂರಿನ ಇಸ್ಟ್ರ್ಯಾಕ್ ನಿಯಂತ್ರಣ ಕೇಂದ್ರದಿಂದ ಅವನ್ನು ಜೋಡಿಸಿದರು. ಸಹಕರಿಸುವ ಗುರಿಗೇ ಅಷ್ಟು ತಾಳ್ಮೆ ಬೇಕಾಯಿತು.

ದಾರಿಯನ್ನು ನಿಲುಗಡೆಗಳಾಗಿ ಒಡೆಯಿರಿ: 10 ಕಿ.ಮೀ., 1 ಕಿ.ಮೀ., 200 ಮೀಟರ್, 50 ಮೀಟರ್. ಪ್ರತಿ ನಿಲುಗಡೆಯಲ್ಲೂ ಮುಂದಿನದಕ್ಕೆ ಹೋಗಲು ಏನೇನು ಸರಿಯಿರಬೇಕು ಎಂಬ ಪಟ್ಟಿ ಇರಲಿ. ಎಂಜಿನ್ ಕೆಟ್ಟರೂ ಗುರಿಗೆ ಬಡಿಯದೆ ಪಕ್ಕಕ್ಕೆ ಜಾರಿಹೋಗುವಂಥ ಪಥವನ್ನೇ ಆರಿಸಿ. ಮುಖ್ಯವಾಗಿ, ಹಿಂದೆ ಸರಿಯುವ ತೀರ್ಮಾನವನ್ನು ನೌಕೆಗೇ ಬಿಡಿ. ಒಂದು ನೆಲದ ಕೇಂದ್ರಕ್ಕೆ ಅದು ಕಾಣುವುದು ಒಮ್ಮೆಗೆ ಹತ್ತು ನಿಮಿಷದಷ್ಟು ಮಾತ್ರ. 2024ರ ಜೂನ್‌ನಲ್ಲಿ ಆಡ್ರಾಸ್-ಜೆ 50 ಮೀಟರ್ ಅಂತರದಲ್ಲಿ ಗುರಿಯ ಸುತ್ತ ಹೋಗುತ್ತಿದ್ದಾಗ, ತನ್ನ ಭಂಗಿಯಲ್ಲಿ ಏನೋ ಏರುಪೇರು ಕಂಡು ತಾನಾಗಿಯೇ ದೂರ ಸರಿಯಿತು. ಜುಲೈನಲ್ಲಿ ಮತ್ತೆ ಹೋಗಿ ಸುತ್ತು ಮುಗಿಸಿತು, ನವೆಂಬರಿನಲ್ಲಿ 15 ಮೀಟರ್‌ವರೆಗೂ ತಲುಪಿತು. ಪತ್ರಿಕೆಗಳು ಇಂಥದ್ದನ್ನು ವೈಫಲ್ಯ ಎಂದು ಬರೆಯುವುದುಂಟು. ನನಗೆ ಆ ಯಾನದ ಅತ್ಯುತ್ತಮ ಗಳಿಗೆ ಅದೇ ಎನಿಸುತ್ತದೆ.

ಹಂತ 6: ಹಿಡಿಯುವುದು

ಕೊನೆಗೂ ಬಲೆ! ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಬಿಟ್ಟು ತೆಗೆದವರಿಗೆ ಗೊತ್ತು: ಕೊಕ್ಕೆ ತಾಗಿದ ಕೂಡಲೇ ಕೊಡ ತಿರುಗಿ ಜಾರಿಕೊಳ್ಳುತ್ತದೆ. ಬಾವಿಯಲ್ಲಿ ನೀರು ಕೊಡವನ್ನು ತಡೆದು ನಿಲ್ಲಿಸುತ್ತದೆ; ಕಕ್ಷೆಯಲ್ಲಿ ತಡೆಯುವುದು ಯಾವುದೂ ಇಲ್ಲ, ಒಂದು ಸಣ್ಣ ತಾಕು ಸಾಕು, ಗುರಿ ತೇಲಿಹೋಗುತ್ತದೆ.

ಮೊದಲು ಗುರಿ ಎಷ್ಟು ಜೋರಾಗಿ ಉರುಳುತ್ತಿದೆ ಎಂದು ತಿಳಿಯಿರಿ. ನೆಲದಿಂದಲೇ, ಅದರ ಹೊಳಪು ಏರಿಳಿಯುವುದನ್ನು ನೋಡಿ ಅಥವಾ ಲೇಸರ್ ಬಿಟ್ಟು ಅಳೆಯಬಹುದು; 2013ರ ಅಳತೆಯಲ್ಲಿ ಎನ್ವಿಸ್ಯಾಟ್ ಸುಮಾರು 135 ಸೆಕೆಂಡಿಗೊಮ್ಮೆ ತಿರುಗುತ್ತಿತ್ತು. ನಿಧಾನವಾಗಿ ತಿರುಗುವುದಕ್ಕೆ, ಗಟ್ಟಿಯಾದ ಹಿಡಿ ಇರುವುದಕ್ಕೆ ತೋಳು ಒಳ್ಳೆಯದು. ರಾಕೆಟ್ ಹಂತಗಳಲ್ಲಿ ಎಂಜಿನ್ನಿನ ನಳಿಗೆ, ಉಪಗ್ರಹ ಕೂರಿಸಿದ್ದ ಬಳೆ ಹಿಡಿಯಲು ತಕ್ಕ ಜಾಗಗಳು. ವೇಗವಾಗಿ ಉರುಳುವುದಕ್ಕೆ ಬಲೆ ಸುರಕ್ಷಿತ. ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯದ ನೇತೃತ್ವದ ರಿಮೂವ್‌ಡೆಬ್ರಿ ಯಾನ 2018ರ ಸೆಪ್ಟೆಂಬರಿನಲ್ಲಿ ಕಕ್ಷೆಯಲ್ಲಿ ಬಲೆ ಬೀಸಿ ತೋರಿಸಿತು, 2019ರ ಫೆಬ್ರವರಿಯಲ್ಲಿ ಈಟಿ ಎಸೆದು ಫಲಕಕ್ಕೆ ಚುಚ್ಚಿತು. ಎರಡರಲ್ಲೂ ಗುರಿ ಅದು ತಾನೇ ಒಯ್ದದ್ದು ಎಂಬುದನ್ನು ಮಾತ್ರ ವರದಿಯಲ್ಲಿ ಬರೆಯಲು ಮರೆಯಬೇಡಿ. ಬಲೆಯ ತೊಂದರೆ ಶುರುವಾಗುವುದು ಹಿಡಿದ ಮೇಲೆ: ಹಗ್ಗದ ತುದಿಗೆ ಒಂಬತ್ತು ಟನ್ ಕಟ್ಟಿಕೊಂಡು ಎಳೆಯುವಾಗ, ಎಂಜಿನ್ ನಿಂತ ಕೂಡಲೇ ಹಗ್ಗ ಸಡಿಲವಾಗಿ, ಅಷ್ಟೂ ತೂಕ ಬೆನ್ನಿಗೆ ಬರಬಹುದು. ಈಟಿಯ ತೊಂದರೆ ಇನ್ನೂ ಸರಳ, ಉಳಿದ ಇಂಧನದ ಟ್ಯಾಂಕಿಗೆ ಚುಚ್ಚಿದರೆ ಒಂದು ಕಸ ನೂರಾಗುತ್ತದೆ. ಆಯಸ್ಕಾಂತದ ವಿಧಾನ ಎಲ್ಲಕ್ಕಿಂತ ಸುಲಭ, ಆದರೆ ಅದಕ್ಕೆ ಬೇಕಾದ ಫಲಕವನ್ನು ಉಡಾವಣೆಗೆ ಮೊದಲೇ ಅಂಟಿಸಿರಬೇಕು. ಹಳೆಯ ಕಸಕ್ಕೆ ಅದು ಬಾರದು.

ಹತ್ತಿರದಲ್ಲಿ ಥ್ರಸ್ಟರ್ ಉರಿಸಿದರೆ ಅದರ ಅನಿಲ ಗುರಿಯನ್ನು ದೂರ ತಳ್ಳುತ್ತದೆ. ಇದನ್ನು ಲೆಕ್ಕದಿಂದ ಬಿಡುವವರು ಬಹಳ.

ಹಂತ 7: ಇಳಿಸುವುದು

ಹಿಡಿದ ಗಳಿಗೆಯಿಂದ ನಿಮ್ಮದು ಬೇರೆಯೇ ನೌಕೆ. ತೂಕ ಬೇರೆ, ಗುರುತ್ವ ಕೇಂದ್ರ ಬೇರೆ, ಜೊತೆಗೆ ಗುರಿಯ ಉರುಳಾಟವೂ ನಿಮ್ಮದಾಯಿತು. ಮೊದಲು ಅದನ್ನು ನಿಲ್ಲಿಸಿ. ಆಮೇಲೆ ಎಂಜಿನ್ನಿನ ನೂಕು ಒಟ್ಟು ಗುರುತ್ವ ಕೇಂದ್ರದ ಮೂಲಕ ಹಾಯುವಂತೆ ಹೊಂದಿಸಿ. 400 ನ್ಯೂಟನ್ ಎಂಜಿನ್ ಬರೀ 10 ಸೆಂಟಿಮೀಟರ್ ಪಕ್ಕಕ್ಕೆ ಸರಿದಿದ್ದರೂ 40 ನ್ಯೂಟನ್-ಮೀಟರ್ ತಿರುಚುಬಲ ಹುಟ್ಟುತ್ತದೆ. ಅದನ್ನು ತಡೆಯಲು ಚಿಕ್ಕ ಥ್ರಸ್ಟರುಗಳು ಉದ್ದಕ್ಕೂ ಉರಿಯಬೇಕು, ಆ ಇಂಧನ ಹಂತ 3ರಲ್ಲಿ ನೀವು ಹಾಕಿದ ಲೆಕ್ಕದಲ್ಲಿ ಇದ್ದಿರಲಿಕ್ಕಿಲ್ಲ. ಹಿಂದೆ ಹೋಗಿ ಸೇರಿಸಿ.

ಪೆರಿಜಿಯನ್ನು ಒಂದೇ ಬಾರಿಗೆ ಇಳಿಸಬೇಡಿ, ಮೆಟ್ಟಿಲಿಳಿದಂತೆ ಇಳಿಸಿ. ಪ್ರತಿ ಮೆಟ್ಟಿಲಿನಲ್ಲೂ ಕಕ್ಷೆಯನ್ನು ಅಳೆದು ಮುಂದಿನದನ್ನು ತಿದ್ದಬಹುದು. ಇದಕ್ಕೆ ನಮ್ಮಲ್ಲೇ ಒಳ್ಳೆಯ ಮಾದರಿಯಿದೆ. 2011ರಲ್ಲಿ ಹಾರಿದ ಮೇಘಾ-ಟ್ರಾಪಿಕ್ಸ್ ಉಪಗ್ರಹ ಸುಮಾರು 1,000 ಕಿಲೋದ್ದು, 867 ಕಿ.ಮೀ. ಎತ್ತರದಲ್ಲಿತ್ತು. ಹಾಗೇ ಬಿಟ್ಟಿದ್ದರೆ ನೂರು ವರ್ಷಕ್ಕೂ ಹೆಚ್ಚು ಅಲ್ಲೇ ಇರುತ್ತಿತ್ತು. ಉಳಿದಿದ್ದ ಸುಮಾರು 125 ಕಿಲೋ ಇಂಧನದಲ್ಲಿ ಇಸ್ರೋ ಇಪ್ಪತ್ತು ಬಾರಿ ಎಂಜಿನ್ ಉರಿಸಿ ಹಂತಹಂತವಾಗಿ ತಗ್ಗಿಸಿತು, 2023ರ ಮಾರ್ಚ್ 7ರಂದು ಕೊನೆಯ ಎರಡು ಉರಿತಗಳಲ್ಲಿ ಪೆಸಿಫಿಕ್ ಸಾಗರದ ಮೇಲೆ ಅದನ್ನು ಇಲ್ಲವಾಗಿಸಿತು. ಅದು ನಿಯಂತ್ರಿತವಾಗಿ ಬೀಳಲೆಂದು ಕಟ್ಟಿದ ಉಪಗ್ರಹವೇ ಆಗಿರಲಿಲ್ಲ.

ಇಳಿಯುವ ದಾರಿಯಲ್ಲಿ 400 ಕಿ.ಮೀ. ಆಸುಪಾಸಿನಲ್ಲಿ ಜನರಿರುವ ನಿಲ್ದಾಣಗಳಿವೆ, ಅದಕ್ಕೂ ಸ್ವಲ್ಪ ಮೇಲೆ ಸಾವಿರಾರು ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳಿವೆ. ಪ್ರತಿ ಉರಿತಕ್ಕೆ ಮೊದಲೂ ಮುಂದಿನ ಪಥವನ್ನು ಡಿಕ್ಕಿ ತಪಾಸಣೆಗೆ ಕೊಡಿ. ಭಾರತದಲ್ಲಿ ಆ ಕೆಲಸ ಮಾಡುವುದು ಬೆಂಗಳೂರಿನಲ್ಲಿರುವ ಇಸ್ರೋದ ಐಎಸ್4ಒಎಂ ಕೇಂದ್ರ. ಕೊನೆಯ ಉರಿತಕ್ಕೆ ದಿನ ಗೊತ್ತಾದ ಮೇಲೆ ಆ ಕಡಲಿನ ಹಡಗುಗಳಿಗೂ ವಿಮಾನಗಳಿಗೂ ಮುನ್ನೆಚ್ಚರಿಕೆ ಹೋಗಬೇಕು, ಒಂದು ದಿನ ತಪ್ಪಿದರೆ ಎಂದು ಬದಲಿ ದಿನವನ್ನೂ ಅದರಲ್ಲೇ ನಮೂದಿಸಬೇಕು. ಬಿದ್ದ ಮೇಲೆ ಒಂದು ಅರ್ಜಿ ಬಾಕಿಯಿರುತ್ತದೆ: ಗುರಿ ಮತ್ತು ನಿಮ್ಮ ನೌಕೆ ಎರಡೂ ಈಗ ಕಕ್ಷೆಯಲ್ಲಿಲ್ಲ ಎಂದು ಸರ್ಕಾರದ ಮೂಲಕ ವಿಶ್ವಸಂಸ್ಥೆಯ ನೋಂದಣಿಗೆ ತಿಳಿಸುವುದು. ಅದರ ನಮೂನೆಯನ್ನು ಪ್ರಾಜೆಕ್ಟ್ ವರದಿಯ ಕೊನೆಯ ಪುಟಕ್ಕೆ ಲಗತ್ತಿಸಿ.